ಕಣ್ಣು ಮುಚ್ಚಿ ಗ್ರಾಫ್ ನೋಡುವುದು

ಮಾಟುಂಗದಲ್ಲಿ ಒಂದು ಭಾನುವಾರ ಮಧ್ಯಾಹ್ನ ಆಡಿದ ಮಾತುಗಳಿವು. ಕೇಳಲು ಕೂತವರು ಮುಂಬಯಿಯ ಭಜನಾ ಮಂಡಳಿ, ಯಕ್ಷಗಾನ ತಂಡ, ಹವ್ಯಾಸಿ ನಾಟಕಗಳಲ್ಲಿ ಮೈಕು, ಮಿಕ್ಸರ್ ನೋಡಿಕೊಳ್ಳುವ ಕನ್ನಡಿಗರು. ನಡುನಡುವೆ ನುಡಿಸಿ ತೋರಿಸಿದ ಸದ್ದುಗಳು ಕಾಗದದ ಮೇಲೆ ಕೇಳಿಸುವುದಿಲ್ಲ. ಅಲ್ಲೆಲ್ಲ ಬಾಯಿಮಾತಲ್ಲೇ ತುಂಬಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇವತ್ತು ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ಹಳಿ ದುರಸ್ತಿಗೆಂದು ಲೋಕಲ್ ರೈಲುಗಳು ಕಮ್ಮಿ. ಆದರೂ ಡೊಂಬಿವಲಿ, ಕಲ್ಯಾಣದ ಕಡೆಯವರು ಇಲ್ಲಿ ಕಾಣುತ್ತಿದ್ದಾರೆ. ಅಷ್ಟು ಕಷ್ಟಪಟ್ಟು ಬಂದವರಿಗೆ ಮೋಸ ಆಗಬಾರದು. ಹಾಗಾಗಿ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಅಂಧೇರಿಯ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ಕನ್ನಡ ಜಾಹೀರಾತುಗಳಿಗೆ ದನಿ ಕೊಡಲು ಒಬ್ಬ ಹಿರಿಯರು ಬರುತ್ತಿದ್ದರು. ತೂಕದ ದನಿ. ಅವರು ಕೆಮ್ಮಿದರೂ ಕೇಳಬೇಕು ಅನ್ನಿಸುತ್ತಿತ್ತು. ಸ್ಕ್ರೀನಿನಲ್ಲಿ ಅವರ ದನಿಯ ಗ್ರಾಫ್ ನೋಡಿದರೆ 120 ಹರ್ಟ್ಸ್ ಹತ್ತಿರ, ಅಂದರೆ ಸೆಕೆಂಡಿಗೆ 120 ಸಲ ಅದುರುವ ಸದ್ದಿನ ಜಾಗದಲ್ಲಿ, ಒಂದು ಗುಡ್ಡ ಎದ್ದು ನಿಂತಿರುತ್ತಿತ್ತು. ನನಗೆ ಗುಡ್ಡ ಕಂಡರೆ ಆಗುತ್ತಿರಲಿಲ್ಲ. ಸದ್ದಿನ ಒಂದೊಂದು ಭಾಗವನ್ನು ಬೇರೆಯಾಗಿ ಏರಿಸಿ ಇಳಿಸುವ ಸಾಧನ ಈಕ್ವಲೈಜರ್. ಎದ್ದದ್ದನ್ನು ತಗ್ಗಿಸುವುದೇ ಅದರ ಕೆಲಸ ಅಂತ ನಂಬಿದ್ದೆ. ಅಲ್ಲಿ 8 ಡೆಸಿಬಲ್ ಕತ್ತರಿಸಿದೆ. ಡೆಸಿಬಲ್ ಅಂದರೆ ಸದ್ದಿನ ಜೋರಿನ ಅಳತೆ. ಗೆರೆ ಚೆನ್ನಾಗಿ ಮಟ್ಟವಾಯಿತು. ನೋಡಲು ಖುಷಿಯಾಯಿತು. ಎರಡು ವಾರದ ಮೇಲೆ ಅವರು ಬಂದು ಕೇಳಿದರು: “ತಮ್ಮಾ, ಅವತ್ತು ನನಗೇನು ಶೀತ ಆಗಿತ್ತಾ? ಟಿ.ವಿ.ಯಲ್ಲಿ ಯಾರದೋ ದನಿ ಕೇಳಿದ ಹಾಗಾಯ್ತು.”

ಗಂಡಸರು ಮಾತಾಡುವಾಗ ಗಂಟಲಿನ ತಂತುಗಳು ಸೆಕೆಂಡಿಗೆ ಸುಮಾರು 100ರಿಂದ 150 ಸಲ ಅದುರುತ್ತವೆ. ನಾನು ಕಡಿದ ಗುಡ್ಡ ಅದೇ. ಅಂದರೆ ಕಡಿದದ್ದು ಆ ಮನುಷ್ಯನನ್ನೇ. ನನ್ನ ಕಿವಿ ಏನೂ ದೂರು ಹೇಳಿರಲಿಲ್ಲ. ದೂರು ಹೇಳಿದ್ದು ಕಣ್ಣು. ಅದರ ಮಾತು ಕೇಳಿ ಕೈ ಹಾಕಿದೆ.

ಇದಾದ ಮೇಲೆ ನಾನು ಕಿವಿಗೆ ಪಾಠ ಹೇಳಿಸಲು ಶುರು ಮಾಡಿದೆ. ಅದಕ್ಕೆಂದೇ ಸಾಫ್ಟ್‌ವೇರ್‌ಗಳಿವೆ. ಸೌಂಡ್‌ಜಿಮ್, ಟ್ರೈನ್ ಯುವರ್ ಇಯರ್ಸ್, ಕ್ವಿಜ್‌ಟೋನ್ಸ್ ಇಂಥ ಹೆಸರುಗಳನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಸ್ಪೀಕರ್ ಮಾಡುವ ಹರ್ಮನ್ ಕಂಪನಿ ತನ್ನ ಕೇಳುಗರ ತರಬೇತಿಗೆ ಮಾಡಿದ ‘ಹೌ ಟು ಲಿಸನ್’ ಅನ್ನು ಜನರಿಗೂ ಪುಕ್ಕಟೆ ಕೊಟ್ಟಿತು. ಈ ಪಾಠ ತೀರ ಹೊಸದೇನಲ್ಲ. ಪೋಲೆಂಡಿನ ವಾರ್ಸಾದ ಸಂಗೀತ ಅಕಾಡೆಮಿಯಲ್ಲಿ ಸೌಂಡ್ ಕಲಿಯುವವರಿಗೆ 1970ರ ದಶಕದಲ್ಲೇ ಇದನ್ನು ಹೇಳಿಕೊಡುತ್ತಿದ್ದರು. ಆಗ ಸ್ಕ್ರೀನ್ ಇರಲಿಲ್ಲ. ಈಗ ಇದೆ, ಬಣ್ಣಬಣ್ಣದ್ದು. ನನ್ನ ಇವತ್ತಿನ ಮಾತು ಆ ಸ್ಕ್ರೀನಿನ ಬಗ್ಗೆಯೇ. ಅದನ್ನು ಯಾವಾಗ ನೋಡಬೇಕು, ಯಾವಾಗ ನೋಡಬಾರದು ಅನ್ನುವುದರ ಬಗ್ಗೆ.

ಆಟ ಸರಳ. ಸಾಫ್ಟ್‌ವೇರ್ ಒಂದು ಸದ್ದು ನುಡಿಸುತ್ತದೆ. ಹಾಡಾಗಬಹುದು, ಅಥವಾ ಪಿಂಕ್ ನಾಯ್ಸ್ ಅನ್ನುವ ಬರಿಯ ‘ಶ್’ ಸದ್ದಾಗಬಹುದು. ಆಮೇಲೆ ಗುಟ್ಟಾಗಿ ಎಲ್ಲೋ ಒಂದು ಕಡೆ ಏರಿಸುತ್ತದೆ ಅಥವಾ ಇಳಿಸುತ್ತದೆ. ಮೊದಲಿನದು, ಬದಲಾದದ್ದು ಎರಡನ್ನೂ ಅದಲು ಬದಲು ಮಾಡಿ ಕೇಳಲು ಒಂದು ಬಟನ್ ಇರುತ್ತದೆ. ಕೆಳಗೆ ಖಾಲಿ ಗ್ರಾಫ್. ನಡುವೆ ಒಂದು ಅಡ್ಡಗೆರೆ, ಅದು ಸೊನ್ನೆ. ಬದಲಾಗಿದ್ದು ಎಲ್ಲಿ ಅಂತ ನೀವು ಆ ಗೆರೆಯ ಮೇಲೆ ಬೆರಳಿಡಬೇಕು. ಮೌಸಿನಲ್ಲಿ ಒಂದು ಚುಕ್ಕಿ ಹಿಡಿದು ಎಳೆದರೆ ಗೆರೆ ಗುಡ್ಡವಾಗುತ್ತದೆ ಇಲ್ಲವೇ ಹೊಂಡವಾಗುತ್ತದೆ. ಉತ್ತರ ಒತ್ತಿದ ಮೇಲೆ ನಿಜವಾದ ಗೆರೆ ಇನ್ನೊಂದು ಬಣ್ಣದಲ್ಲಿ ಮೂಡುತ್ತದೆ. ನೀವು ಹೇಳಿದ್ದಕ್ಕೂ ಅದಕ್ಕೂ ಎಷ್ಟು ದೂರ ಅಂತ ಎದುರಿಗೇ ಕಾಣುತ್ತದೆ.

ಈ ಗ್ರಾಫನ್ನು ಓದುವುದು ಹೇಗೆ? ಎಡಗಡೆ 20 ಹರ್ಟ್ಸ್, ಬಲಗಡೆ 20,000. ಮನುಷ್ಯರ ಕಿವಿಗೆ ಕೇಳುವ ಹರವು ಅದು. ಹಾಗಾದರೆ ನಟ್ಟನಡುವೆ ಎಷ್ಟಿರಬೇಕು? ಯಾರಾದರೂ ಹೇಳಿ. ಹತ್ತು ಸಾವಿರ ಅಂದಿರಿ. ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲಿರುವುದು ಸುಮಾರು 630.

ಇದು ವಿಚಿತ್ರ ಅನ್ನಿಸಿದರೆ ಹಾರ್ಮೋನಿಯಂ ನೆನಪು ಮಾಡಿಕೊಳ್ಳಿ. ಕೆಳಗಿನ ಸಾ ಇಂದ ನಡುವಿನ ಸಾ ಗೆ ಎಷ್ಟು ಮನೆ? ಹನ್ನೆರಡು. ನಡುವಿನ ಸಾ ಇಂದ ಮೇಲಿನ ಸಾ ಗೆ? ಅದೇ ಹನ್ನೆರಡು. ಕೈ ಚಾಚುವ ದೂರವೂ ಅಷ್ಟೇ. ಆದರೆ ಹರ್ಟ್ಸ್ ಲೆಕ್ಕದಲ್ಲಿ ಪ್ರತಿ ಸಲ ಇಮ್ಮಡಿ ಆಗಿರುತ್ತದೆ. 220 ಇದ್ದದ್ದು 440 ಆಗುತ್ತದೆ, 440 ಇದ್ದದ್ದು 880. ಕಿವಿ ಕೂಡಿಸುವ ಲೆಕ್ಕ ಮಾಡುವುದಿಲ್ಲ, ಗುಣಿಸುವ ಲೆಕ್ಕ ಮಾಡುತ್ತದೆ. ಹಾರ್ಮೋನಿಯಂ ಮಾಡಿದವನಿಗೆ ಅದು ಗೊತ್ತಿತ್ತು. ಈ ಗ್ರಾಫ್ ಮಾಡಿದವನಿಗೂ ಗೊತ್ತು. ಕಪ್ಪು ಒಂದೋ ಬಿಳಿ ಎರಡೋ ಅಂತ ಶ್ರುತಿ ಹಿಡಿಯುವ ನಮ್ಮ ಭಾಗವತರಿಗೆ ಲಾಗರಿದಮ್ ಅನ್ನುವ ಈ ಗುಣಿಸುವ ಲೆಕ್ಕ ಬೇರೆಯಾಗಿ ಕಲಿಸಬೇಕಿಲ್ಲ. ದಿನಾ ಅದರ ಜತೆಗೇ ಹಾಡುತ್ತಾರೆ.

20ರಿಂದ ಇಮ್ಮಡಿ ಮಾಡುತ್ತ ಹೋಗಿ. 40, 80, 160, 320, 640. ಹತ್ತು ಸಲ ಇಮ್ಮಡಿ ಮಾಡಿದರೆ 20,480ಕ್ಕೆ ಬಂದಿರುತ್ತೀರಿ. ಒಂದು ಇಮ್ಮಡಿ ಅಂದರೆ ಒಂದು ಸ್ಥಾಯಿ. ಅಂದರೆ ಇಡೀ ಗ್ರಾಫಿನಲ್ಲಿ ಹೆಚ್ಚು ಕಡಿಮೆ ಹತ್ತು ಸ್ಥಾಯಿ. ಎರಡೂ ಕೈ ಅಗಲಿಸಿ ಸ್ಕ್ರೀನ್ ಮುಂದೆ ಹಿಡಿದರೆ ಒಂದೊಂದು ಬೆರಳಿಗೆ ಒಂದೊಂದು ಸ್ಥಾಯಿ. ನಾನು ಹೊಸಬರಿಗೆ ಹೀಗೇ ಹೇಳುತ್ತೇನೆ. ಇನ್ನೊಂದು ಸುಲಭದ ದಾರಿಯೂ ಇದೆ. 20ರಿಂದ 200 ಒಂದು ಕೋಣೆ, 200ರಿಂದ 2,000 ಒಂದು ಕೋಣೆ, 2,000ದಿಂದ 20,000 ಒಂದು ಕೋಣೆ. ಮೂರೂ ಒಂದೇ ಅಗಲ. ಒಂದು ಹಾಲ್, ಒಂದು ಕಿಚನ್, ಒಂದು ಬೆಡ್‌ರೂಮ್ ಅಂದುಕೊಳ್ಳಿ. ಮುಂಬಯಿಯಲ್ಲಿ ಅಷ್ಟಿದ್ದರೆ ಸಾಹುಕಾರರೇ ಅಲ್ವಾ! ಮೊದಲ ವಾರ ಸದ್ದು ಯಾವ ಕೋಣೆಯಲ್ಲಿದೆ ಅಂತ ಹೇಳಿದರೆ ಸಾಕು. ಕೋಣೆಯೊಳಗೆ ಎಲ್ಲಿ ಅನ್ನುವುದು ಆಮೇಲೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಾಫ್ಟ್‌ವೇರ್ ತೆರೆದ ಕೂಡಲೇ ನಮ್ಮ ಹುಡುಗರು ಏನು ಮಾಡುತ್ತಾರೆ ಗೊತ್ತಾ? ಸದ್ದು ಬಂದ ತಕ್ಷಣ ಮೌಸ್ ಹಿಡಿದು ಗ್ರಾಫಿನ ಮೇಲೆ ಅಲೆದಾಡುತ್ತಾರೆ. 300 ಇರಬಹುದಾ? ಬೇಡ, 700? ಅಲ್ಲಿ ಗೆರೆ ಇದೆ, ಇಲ್ಲಿ ಅಂಕಿ ಇದೆ. ಆ ಅಂಕಿಗಳ ಮುಖ ನೋಡಿ ಊಹೆ ಮಾಡುತ್ತಾರೆ. ಇದು ಪರೀಕ್ಷೆಯಲ್ಲಿ ಎ, ಬಿ, ಸಿ, ಡಿ ನೋಡಿ ಗುರುತು ಹಾಕುವ ಹಾಗೆ. ಪ್ರಶ್ನೆ ಓದಿರುವುದೇ ಇಲ್ಲ.

ನಾನು ಮಾಡಿಸುವ ಕ್ರಮ ಬೇರೆ. ಮೊದಲು ಕಣ್ಣು ಮುಚ್ಚಿ. ಅದಲು ಬದಲು ಮಾಡಲು ಕೀಬೋರ್ಡಿನ ಒಂದು ಕೀ ಇಟ್ಟುಕೊಳ್ಳಿ, ಮೌಸ್ ಮುಟ್ಟಬೇಡಿ. ಕೇಳಿ. ಆಮೇಲೆ ಬಾಯಲ್ಲಿ ಹೇಳಿ. ಹೇಳಿದ ಮೇಲೆ ಕಣ್ಣು ಬಿಡಿ, ಹೇಳಿದ ಜಾಗಕ್ಕೆ ಬೆರಳಿಡಿ. ನಿಜವಾದ ಗೆರೆ ಕಟ್ಟಕಡೆಗೆ.

ಬಾಯಲ್ಲಿ ಏನು ಹೇಳಬೇಕು? ಅಂಕಿ ಬಾಯಿಗೆ ಬರುವುದಿಲ್ಲ. ಅದಕ್ಕೆ ನಮ್ಮ ಹತ್ತಿರ ಅಕ್ಷರಮಾಲೆಯ ಸ್ವರಗಳಿವೆ. ಇದನ್ನು ಸೌಂಡಿನವರು ಬೇರೆ ಬೇರೆ ದೇಶಗಳಲ್ಲಿ ಬಳಸುತ್ತಾರೆ, ಆದರೆ ಕನ್ನಡದ ಬಾಯಿಗೆ ಹೊಂದಿದಷ್ಟು ಚೆನ್ನಾಗಿ ಎಲ್ಲೂ ಹೊಂದುವುದಿಲ್ಲ ಅಂತ ನನ್ನ ಹಟ. 250 ಹರ್ಟ್ಸ್ ಸುತ್ತ ಏರಿಸಿದರೆ ಸದ್ದಿಗೆ ‘ಊ’ ಬಣ್ಣ ಬರುತ್ತದೆ. 500ರಲ್ಲಿ ‘ಓ’. 1,000ದಲ್ಲಿ ‘ಆ’. 2,000ದಲ್ಲಿ ‘ಏ’. 4,000ದಲ್ಲಿ ‘ಈ’. ಊ, ಓ, ಆ, ಏ, ಈ. ಒಂದೊಂದೂ ಹಿಂದಿನದರ ಇಮ್ಮಡಿ, ಒಂದೊಂದೂ ಒಂದೊಂದು ಬೆರಳು. ಎಲ್ಲರೂ ಒಂದೇ ಉಸಿರಲ್ಲಿ ಹೇಳಿ ನೋಡಿ. ತುಟಿ ದುಂಡಗಿದ್ದದ್ದು ತೆರೆಯುತ್ತದೆ, ಆಮೇಲೆ ಹಲ್ಲು ಕಾಣುವಷ್ಟು ಅಗಲವಾಗುತ್ತದೆ. ಬಾಯಿಯ ಆಕಾರ ಬದಲಾದ ಹಾಗೆ ಒಳಗಿನ ಗಾಳಿ ಬೇರೆ ಬೇರೆ ಕಡೆ ಮೊಳಗುತ್ತದೆ. ನಮ್ಮ ಬಾಯಿಯೂ ಒಂದು ಈಕ್ವಲೈಜರ್. ಹುಟ್ಟಿದಾಗಿನಿಂದ ತಿರುಗಿಸುತ್ತಿದ್ದೇವೆ.

ಇದು ಸ್ಥೂಲ ಹೋಲಿಕೆ, ಅಳತೆಪಟ್ಟಿ ಅಲ್ಲ. ಒಂದೊಂದು ಸ್ವರದಲ್ಲಿ ಎರಡು ಮೂರು ಕಡೆ ಗುಡ್ಡಗಳಿರುತ್ತವೆ. ಆದರೆ ಅರ್ಧ ಸೆಕೆಂಡಿನಲ್ಲಿ ಹೆಸರಿಡಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ‘ಊ’ಗಿಂತ ಕೆಳಗೆ, 125ರ ಹತ್ತಿರ ಬಾಯಿ ಮುಚ್ಚಿ ‘ಮ್’ ಅನ್ನಿ. 60ರಲ್ಲಿ ಸದ್ದಿಗಿಂತ ಎದೆಗೆ ಬಡಿತ ಜಾಸ್ತಿ. ‘ಈ’ಗಿಂತ ಮೇಲೆ, 8,000ದ ಕಡೆ ‘ಸ್’. ಅದರಾಚೆಗೆ ಬರೀ ಗಾಳಿ.

ಅಂಗಡಿಯಲ್ಲಿ ಹಳದಿ ಅಂಟುಚೀಟಿ ಸಿಗುತ್ತದಲ್ಲ, ಅದನ್ನು ತಂದು ಈ ಅಕ್ಷರಗಳನ್ನು ಬರೆದು ಲ್ಯಾಪ್‌ಟಾಪ್ ಸ್ಕ್ರೀನಿನ ಕೆಳಗಂಚಿಗೆ, ಸರಿಯಾದ ಅಂಕಿಯ ಕೆಳಗೆ ಅಂಟಿಸಿ. ನೋಡಲು ಚೆನ್ನಾಗಿರುವುದಿಲ್ಲ. ನನ್ನ ಸ್ಟುಡಿಯೋದಲ್ಲಿ ಒಬ್ಬ ನಿರ್ದೇಶಕರು ಇದೇನು ಮಂತ್ರವಾ ಅಂತ ಕೇಳಿದ್ದರು. ಆದರೆ ಆ ಗ್ರಾಫ್ ಆವತ್ತಿನಿಂದ ನಿಮ್ಮದಾಗುತ್ತದೆ. ಒಂದು ತಿಂಗಳಲ್ಲಿ ಚೀಟಿಗಳ ಅಂಟು ಹೋಗಿ ತಾವೇ ಉದುರುತ್ತವೆ. ಅಷ್ಟರಲ್ಲಿ ಅವು ಬೇಕಾಗಿರುವುದೂ ಇಲ್ಲ.

ಇಲ್ಲಿ ಐದು ಸಲ ಪಿಂಕ್ ನಾಯ್ಸ್ ನುಡಿಸಿದೆ. ತಗಡಿನ ಮೇಲೆ ಜೋರು ಮಳೆ ಬಿದ್ದ ಹಾಗೆ ಕೇಳುವ ಸದ್ದು ಅದು. ಒಂದೊಂದು ಸ್ಥಾಯಿಯಲ್ಲೂ ಅದಕ್ಕೆ ಒಂದೇ ಸಮನಾದ ಶಕ್ತಿ ಇರುತ್ತದೆ, ಆದ್ದರಿಂದ ಎಲ್ಲಿ ಏರಿಸಿದರೂ ಅಡಗುವುದಿಲ್ಲ. ಪ್ರತಿ ಸಲ ಒಂದು ಕಡೆ 12 ಡೆಸಿಬಲ್ ಏರಿಸಿದ್ದೆ. ಸ್ಕ್ರೀನ್ ಆರಿಸಿತ್ತು. ಸಭೆ ಕೂಗಿ ಉತ್ತರ ಹೇಳಬೇಕು. ಮೂರು ಸರಿಯಾದವು. ಎರಡು ಸಲ ‘ಓ’ ಮತ್ತು ‘ಆ’ ನಡುವೆ ಜಗಳವಾಯಿತು. ಮುಂದಿನ ಸಾಲಿನಲ್ಲಿದ್ದ ಭಜನಾ ಮಂಡಳಿಯ ಅಕ್ಕ ಒಬ್ಬರು ಐದನ್ನೂ ಸರಿ ಹೇಳಿದರು. ಅವರು ಮಿಕ್ಸರ್ ಮುಟ್ಟಿದವರೇ ಅಲ್ಲ. ಅವರ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಹುಡುಗ ಎರಡು ಹೇಳಿದ. ಅವನ ತಪ್ಪಲ್ಲ. ಅವನು ಆರಿದ ಸ್ಕ್ರೀನನ್ನೇ ನೋಡುತ್ತಿದ್ದ.

ಇಷ್ಟು ಹೊತ್ತು ಎಡ-ಬಲದ ಮಾತಾಯಿತು. ಮೇಲೆ-ಕೆಳಗಿನ ಗೆರೆ ಇನ್ನೂ ಕಪಟಿ. ಕೆಲವು ಗ್ರಾಫ್‌ಗಳಲ್ಲಿ ತುದಿಯಿಂದ ತುದಿಗೆ 6 ಡೆಸಿಬಲ್ ಮೇಲೆ, 6 ಕೆಳಗೆ. ಇನ್ನು ಕೆಲವದರಲ್ಲಿ 24 ಮೇಲೆ, 24 ಕೆಳಗೆ. ಮೊದಲನೆಯದರಲ್ಲಿ 3 ಡೆಸಿಬಲ್ ಏರಿಸಿದರೆ ಕುದುರೆಮುಖ ಎದ್ದ ಹಾಗೆ ಕಾಣುತ್ತದೆ. ಎರಡನೆಯದರಲ್ಲಿ ಅದೇ 3 ಡೆಸಿಬಲ್ ಇರುವೆಗೂಡು. ಸದ್ದು ಮಾತ್ರ ಅದೇ. ಗೆಳೆಯರೊಬ್ಬರು ಹೊಸ ಸಾಫ್ಟ್‌ವೇರ್‌ಗೆ ಬಂದ ಮೇಲೆ ಎಲ್ಲವನ್ನೂ ಜಾಸ್ತಿ ಏರಿಸುತ್ತಿದ್ದರು. ಹಾಡೆಲ್ಲ ಕಿರಿಕಿರಿ. ಆಮೇಲೆ ನೋಡಿದರೆ ಅವರು ಹಳೆಯ ಸ್ಕ್ರೀನಿನಲ್ಲಿ ಕಾಣುತ್ತಿದ್ದಷ್ಟೇ ಎತ್ತರದ ಗುಡ್ಡ ಇಲ್ಲೂ ಕಾಣಬೇಕು ಅಂತ ಎಳೆಯುತ್ತಿದ್ದರು. ಹಾಗಾಗಿ ಸಾಫ್ಟ್‌ವೇರ್ ತೆರೆದ ಕೂಡಲೇ ಎಡಗಡೆಯ ಅಂಕಿ ನೋಡಿ. ಅಭ್ಯಾಸಕ್ಕೆ ಒಂದು ಅಳತೆ ಆರಿಸಿಕೊಂಡರೆ ಅದನ್ನು ಬದಲಿಸಬೇಡಿ.

ಇನ್ನೊಂದು ಸಂಗತಿ. ಗ್ರಾಫಿಗೆ ಎಲ್ಲ ಹರ್ಟ್ಸೂ ಒಂದೇ. 60ರಲ್ಲಿ 6 ಡೆಸಿಬಲ್, 3,000ದಲ್ಲಿ 6 ಡೆಸಿಬಲ್, ಎರಡೂ ಗುಡ್ಡ ಅಚ್ಚು ಹಾಕಿದ ಹಾಗೆ ಕಾಣುತ್ತವೆ. ಕಿವಿಗೆ ಹಾಗಿಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನುವ ಸಂಶೋಧನಾ ಸಂಸ್ಥೆಯ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಸದ್ದು ಸಣ್ಣದಾಗಿದ್ದಾಗ ಕೆಳಗಿನ ಹರ್ಟ್ಸುಗಳು ನಮಗೆ ಕೇಳುವುದೇ ಕಷ್ಟ. 3,000, 4,000ದ ಸುತ್ತ ಕಿವಿ ತುಂಬ ಚುರುಕು. ಕಾರಣ ನಮ್ಮ ಕಿವಿಯ ಕೊಳವೆ. ಅದು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಒಂದು ಕೊನೆ ಮುಚ್ಚಿದೆ. ಕೊಳಲಿನ ಹಾಗೆ ಅದಕ್ಕೂ ಒಂದು ಸ್ವರ ಇದೆ, ಅದು ಅಲ್ಲೇ ಬೀಳುತ್ತದೆ. ನಮ್ಮ ಚೆಂಡೆಯ ಚುರುಕು ಪೆಟ್ಟು, ಮಗುವಿನ ಅಳು, ಲೋಕಲ್ ರೈಲು ಬ್ರೇಕ್ ಹಾಕಿದಾಗಿನ ಕಿರ್ ಸದ್ದು ನಮ್ಮನ್ನು ಬೆಚ್ಚಿ ಬೀಳಿಸಲು ಇದೂ ಒಂದು ಕಾರಣ. ಅದಕ್ಕೇ ವಾಲ್ಯೂಮನ್ನು ಒಂದೇ ಮಟ್ಟದಲ್ಲಿಟ್ಟು ಅಭ್ಯಾಸ ಮಾಡಿ. ಇವತ್ತು ಸಣ್ಣಗೆ, ನಾಳೆ ಜೋರಾಗಿ ಕೇಳಿದರೆ ನಿನ್ನೆಯ ‘ಮ್’ ಇವತ್ತಿನ ‘ಮ್’ ಆಗಿರುವುದಿಲ್ಲ.

ಹಾಡು ಹಾಕಿಕೊಂಡು ಆಡುವಾಗ ಇನ್ನೊಂದು ಬಲೆ ಇದೆ. ಬರಿಯ ಹೆಣ್ಣುದನಿಯ ರೆಕಾರ್ಡಿಂಗ್ ಹಾಕಿ. ಸಾಫ್ಟ್‌ವೇರ್ 50 ಹರ್ಟ್ಸಿನಲ್ಲಿ ಏರಿಸಿತು ಅನ್ನಿ. ಏನೂ ಬದಲಾದಂತೆ ಕೇಳುವುದಿಲ್ಲ. ಉತ್ತರ ಒತ್ತಿದರೆ ಗ್ರಾಫಿನಲ್ಲಿ ದೊಡ್ಡ ಗುಡ್ಡ! ಅಯ್ಯೋ ನನ್ನ ಕಿವಿ ಹೋಯಿತು ಅಂತ ಕೆಲವರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಆ ದನಿಯಲ್ಲಿ 50 ಹರ್ಟ್ಸ್ ಇಲ್ಲವೇ ಇಲ್ಲ. ಊರೇ ಇಲ್ಲದ ಕಡೆ ರಸ್ತೆ ಅಗಲ ಮಾಡಿದ ಹಾಗೆ. ಈಕ್ವಲೈಜರ್ ಗೆರೆ ಹೇಳುವುದು ಏನು ಮಾಡಿದೆ ಅಂತ. ಏನು ಕೇಳುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಮೊದಲ ತಿಂಗಳು ಪಿಂಕ್ ನಾಯ್ಸ್ ಸಾಕು. ಬೇಜಾರಾಗುತ್ತದೆ, ಸಹಿಸಿಕೊಳ್ಳಿ. ಆಮೇಲೆ ನಿಮ್ಮದೇ ಮಂಡಳಿಯ ರೆಕಾರ್ಡಿಂಗ್ ಹಾಕಿ. ನೀವು ಶನಿವಾರ ರಾತ್ರಿ ಕೇಳಬೇಕಾದದ್ದು ಅದನ್ನೇ ತಾನೇ.

ಕೆಲವು ಸಾಫ್ಟ್‌ವೇರ್‌ಗಳಲ್ಲಿ ಹಿನ್ನೆಲೆಯಲ್ಲಿ ಸ್ಪೆಕ್ಟ್ರಮ್ ಕುಣಿಯುತ್ತಿರುತ್ತದೆ. ಅಂದರೆ ನುಡಿಯುತ್ತಿರುವ ಸದ್ದಿನ ಜೀವಂತ ಚಿತ್ರ. ಅಭ್ಯಾಸದ ಹೊತ್ತಿಗೆ ಅದನ್ನು ಆಫ್ ಮಾಡಿ. ಇದೊಂದರಲ್ಲಿ ನಾನು ರಾಜಿ ಆಗುವುದಿಲ್ಲ. ಅದು ಆನ್ ಇದ್ದರೆ ಏರಿದ ಜಾಗ ಕಣ್ಣಿಗೇ ಕಾಣುತ್ತದೆ. ಹತ್ತಕ್ಕೆ ಹತ್ತು ಅಂಕ ಬರುತ್ತದೆ, ಕಿವಿ ಒಂದಕ್ಷರ ಕಲಿತಿರುವುದಿಲ್ಲ. ಮೇಲಾಗಿ ಆ ಚಿತ್ರವೂ ಒಂದೇ ಥರ ಇರುವುದಿಲ್ಲ. ಒಂದು ಸೆಟ್ಟಿಂಗಿನಲ್ಲಿ ಪಿಂಕ್ ನಾಯ್ಸ್ ಬಲಕ್ಕೆ ಇಳಿಜಾರಾಗಿ ಕಾಣುತ್ತದೆ. ಸ್ಥಾಯಿಗೆ 3 ಡೆಸಿಬಲ್ ಓರೆ ಕೊಟ್ಟರೆ ಅದೇ ಸದ್ದು ಮಟ್ಟಸವಾಗಿ ಕಾಣುತ್ತದೆ. ನಾನು ಆ ಹಿರಿಯರ ದನಿ ಕಡಿದಾಗ ನೋಡುತ್ತಿದ್ದದ್ದು ಇಂಥದೇ ಕುಣಿಯುವ ಚಿತ್ರ.

ಕಣ್ಣು ಕಿವಿಯನ್ನು ಎಷ್ಟು ಆಳುತ್ತದೆ ಅನ್ನುವುದು ನಮ್ಮ ಡಬ್ಬಿಂಗಿನವರಿಗೆ ಹೊಟ್ಟೆಪಾಡಿನ ವಿಷಯ. 1976ರಲ್ಲಿ ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ ಅನ್ನುವ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಸದ್ದಿನಲ್ಲಿ ‘ಬ’. ಚಿತ್ರದಲ್ಲಿ ‘ಗ’ ಅನ್ನುತ್ತಿರುವ ತುಟಿ. ನೋಡುತ್ತ ಕೇಳಿದವರಲ್ಲಿ ತುಂಬ ಜನಕ್ಕೆ ‘ಡ’ ಅಂತ ಕೇಳಿಸಿತು. ಕಣ್ಣು ಮುಚ್ಚಿದರೆ ‘ಬ’. ಹಿಂದಿಯಲ್ಲಿ ಅಲುಗಿದ ತುಟಿಗೆ ಕನ್ನಡದ ಮಾತು ಕೂರಿಸುವವರೆಲ್ಲ ಈ ಮೋಸದ ಮೇಲೇ ಬದುಕುತ್ತೇವೆ. ಅಕ್ಷರವನ್ನೇ ಬದಲಿಸುವ ಕಣ್ಣು ಎರಡು ಡೆಸಿಬಲ್ ಬದಲಿಸುವುದಿಲ್ವಾ?

ಬದಲಿಸುತ್ತದೆ. ಒಮ್ಮೆ ಒಬ್ಬರು ಗಿರಾಕಿ ದನಿ ಇನ್ನೂ ಬೆಚ್ಚಗಿರಲಿ ಅಂದರು. ನಾನು ಗುಬಟು ತಿರುಗಿಸಿದೆ. ಗೆರೆ ಏರಿತು. ಹಾಂ, ಈಗ ಸರಿ ಅಂದರು. ನನಗೂ ಸರಿ ಅನ್ನಿಸಿತು. ಅವರು ಹೋದ ಮೇಲೆ ನೋಡಿದರೆ ಈಕ್ವಲೈಜರ್ ಬೈಪಾಸ್‌ನಲ್ಲಿತ್ತು, ಅಂದರೆ ಅದು ಸದ್ದನ್ನು ಮುಟ್ಟಿಯೇ ಇರಲಿಲ್ಲ. ಇಂಥದ್ದು ಒಂದಾದರೂ ಅನುಭವ ಇಲ್ಲದ ಸೌಂಡಿನವರನ್ನು ನಾನು ಕಂಡಿಲ್ಲ. ಒಪ್ಪಿಕೊಳ್ಳುವವರು ಕಮ್ಮಿ.

ಹಾಗಾದರೆ ಗ್ರಾಫ್ ಯಾಕೆ, ಬಿಸಾಕಿಬಿಡೋಣ ಅನ್ನಬೇಡಿ. ಅದರ ನಿಜವಾದ ಉಪಯೋಗ ಉತ್ತರ ಒತ್ತಿದ ಮೇಲೆ ಶುರುವಾಗುತ್ತದೆ. ಎರಡು ಗೆರೆಗಳು ಕಾಣುತ್ತವಲ್ಲ, ನಿಮ್ಮದು ಮತ್ತು ಅದರದ್ದು. ಹೆಚ್ಚಿನವರು ಅಂಕ ನೋಡಿ ಮುಂದಿನ ಪ್ರಶ್ನೆಗೆ ಓಡುತ್ತಾರೆ. ಓಡಬೇಡಿ. ಅಲ್ಲೇ ನಿಲ್ಲಿ. ಎಡಕ್ಕೆ ತಪ್ಪಿದಿರೋ ಬಲಕ್ಕೋ? ಎಷ್ಟು ಬೆರಳು? ಈಗ ಗ್ರಾಫ್ ನೋಡುತ್ತ ಅದೇ ಸದ್ದನ್ನು ಮತ್ತೆ ಕೇಳಿ. ಮೊದಲು ನಿಮ್ಮ ಗೆರೆ, ಆಮೇಲೆ ಅದರ ಗೆರೆ. ಎರಡರ ನಡುವಿನ ವ್ಯತ್ಯಾಸ ಬಾಯಿಗೆ ಬರುವವರೆಗೆ ಕೇಳಿ. ಇಲ್ಲಿ ಕಣ್ಣು ತೆರೆದಿರಲಿ, ಯಾಕೆಂದರೆ ಈಗ ಅದು ಕಿವಿಗೆ ಜಾಗ ತೋರಿಸುತ್ತಿದೆ.

ಒಂದು ನೋಟ್‌ಬುಕ್ ಇಡಿ. ನಾನು ನನ್ನ ತಪ್ಪುಗಳನ್ನು ಒಂದು ತಿಂಗಳು ಬರೆದಿಟ್ಟೆ. ಸರಾಸರಿ ಪರವಾಗಿಲ್ಲ ಅನ್ನುವ ಹಾಗಿತ್ತು. ಆದರೆ 500ರಿಂದ 1,000ದ ನಡುವೆ ಬಂದದ್ದನ್ನೆಲ್ಲ ನಾನು ಎಡಕ್ಕೆ ಹೇಳುತ್ತಿದ್ದೆ, ಅರ್ಧ ಬೆರಳು. ಅಂದರೆ ಎಷ್ಟೋ ವರ್ಷ ಭಜನೆಗಳ ಹಾರ್ಮೋನಿಯಂ ಮೂಗಿನಲ್ಲಿ ಹಾಡಿದಂತಿದ್ದಾಗ ನಾನು ತಪ್ಪು ಜಾಗಕ್ಕೆ ಕೈ ಹಾಕುತ್ತಿದ್ದೆ. ಈ ಸಂಗತಿ ಅಂಕಪಟ್ಟಿ ಹೇಳಲಿಲ್ಲ. ಎರಡು ಗೆರೆಗಳ ನಡುವಿನ ಖಾಲಿ ಜಾಗ ಹೇಳಿತು.

ಬೇಗ ಬೇಗ ಇನ್ನೆರಡು ಮಾತು. ಏರಿಸಿದ್ದನ್ನು ಗುರುತಿಸುವುದು ಸುಲಭ, ಇಳಿಸಿದ್ದು ಕಷ್ಟ. ಹಲ್ಲು ಬಿದ್ದದ್ದು ಬೇರೆಯವರಿಗೆ ಕೂಡಲೇ ತಿಳಿಯುವುದಿಲ್ಲ, ಹೆಚ್ಚುವರಿ ಹಲ್ಲು ಬಂದರೆ ತಿಳಿಯುತ್ತದೆ. 12 ಡೆಸಿಬಲ್ ಏರಿಕೆಯಿಂದ ಶುರು ಮಾಡಿ, 6ಕ್ಕೆ ಬನ್ನಿ, 3ಕ್ಕೆ ಬನ್ನಿ. ಇಳಿಕೆ ಆಮೇಲೆ. ಏರಿಸಿದಾಗ ಒಟ್ಟು ಸದ್ದೂ ಜೋರಾಗುತ್ತದೆ. ಅದನ್ನು ಸರಿದೂಗಿಸುವ ಆಟೋ ಗೇನ್ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ನೀವು ಕಲಿಯುವುದು ಯಾವುದು ಜೋರು ಅಂತ ಮಾತ್ರ.

ಕೆಲವು ಕಡೆ ತಿರುಗಾಮುರುಗಾ ಆಟ ಇದೆ. ಸಾಫ್ಟ್‌ವೇರ್ ಸದ್ದನ್ನು ಕೆಡಿಸುತ್ತದೆ, ನೀವು ಸರಿ ಮಾಡಬೇಕು. ವೇದಿಕೆಯ ಕೆಲಸಕ್ಕೆ ಇದೇ ಹತ್ತಿರ. ಆದರೆ ಗ್ರಾಫಿನಲ್ಲಿ ಕಾಣುವುದು ರೋಗ ಅಲ್ಲ, ಔಷಧಿ. 500ರಲ್ಲಿ ಹೊಂಡ ತೋಡಿದಿರಿ ಅಂದರೆ ರೋಗ 500ರ ಗುಡ್ಡ. ಮೊದಮೊದಲು ಕನ್ನಡಿ ನೋಡಿ ಕ್ಷೌರ ಮಾಡಿಕೊಂಡ ಹಾಗೆ ಕೈ ಉಲ್ಟಾ ಹೋಗುತ್ತದೆ.

ದಿನಕ್ಕೆ ಹದಿನೈದು ನಿಮಿಷ ಸಾಕು. ವಿರಾರ್ ಫಾಸ್ಟ್ ಲೋಕಲ್‌ನಲ್ಲಿ ನಿಂತುಕೊಂಡು ಇಯರ್‌ಫೋನ್ ಹಾಕಿ ಆಡುವವರನ್ನು ನೋಡಿದ್ದೇನೆ. ಬೇಡ. ಗಾಡಿಯ ಗದ್ದಲ ಕೆಳಗಿನ ಎರಡು ಮೂರು ಸ್ಥಾಯಿಗಳನ್ನು ನುಂಗಿಬಿಡುತ್ತದೆ. ಅದನ್ನು ಮೀರಲು ನೀವು ವಾಲ್ಯೂಮ್ ಏರಿಸುತ್ತೀರಿ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ಮೀರಬೇಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆಯಲ್ಲಿ ಬೆಳಗ್ಗೆ, ನೀರು ಬಂದು ಹೋದ ಮೇಲೆ, ಮಿಕ್ಸಿ ಶುರುವಾಗುವ ಮೊದಲು ಒಂದು ಸಣ್ಣ ಬಿಡುವು ಇರುತ್ತದಲ್ಲ, ಅದು ಒಳ್ಳೆಯ ಹೊತ್ತು. ಟ್ಯೂಬ್‌ಲೈಟ್ ಹಳೆಯದಾಗಿದ್ದರೆ ಆರಿಸಿ. ನಮ್ಮ ಕರೆಂಟು 50 ಹರ್ಟ್ಸಿನದು, ಅದರ ಚೋಕ್ ಗುಂಯ್ ಅನ್ನುವುದು 100ರಲ್ಲಿ. ಅಥವಾ ಆರಿಸುವ ಮೊದಲು ಅದನ್ನೇ ಒಂದು ನಿಮಿಷ ಕೇಳಿ, ‘ಮ್’ನ ಪಾಠ ಪುಕ್ಕಟೆ.

ಕೊನೆಗೆ ಪ್ರಶ್ನೆಗಳು. ಎಪ್ಪತ್ತು ದಾಟಿದ ಒಬ್ಬ ಹಿರಿಯರು, ನಮ್ಮ ಕಿವಿಗೆ ಇದೆಲ್ಲ ಹತ್ತುತ್ತದಾ ಅಂತ ಕೇಳಿದರು. ವಯಸ್ಸಾದ ಹಾಗೆ ಬಲತುದಿಯ ಹರ್ಟ್ಸುಗಳು ಒಂದೊಂದಾಗಿ ಮಂಕಾಗುತ್ತವೆ, ನಿಜ. ಆದರೆ ಹಳೆಯ ಲ್ಯಾಂಡ್‌ಲೈನ್ ಫೋನ್ 300ರಿಂದ 3,400ರ ಒಳಗೇ ನಮ್ಮ ಸುಖದುಃಖವನ್ನೆಲ್ಲ ದಾಟಿಸಿತ್ತು ಅಲ್ವಾ ಮಾಮ? ಊ ಇಂದ ಏ ವರೆಗೆ ಅಷ್ಟರಲ್ಲೇ ಹೆಚ್ಚು ಕಡಿಮೆ ಬಂತು. ಅಷ್ಟು ಕೇಳಿದರೆ ಅರ್ಧ ಕೆಲಸ ಆಯಿತು ಅಂದೆ.

ಮೈಕ್ ಕೂಗಿದಾಗ ಏನು ಮಾಡುವುದು ಅಂತ ಯಕ್ಷಗಾನ ತಂಡದವರು ಕೇಳಿದರು. 31 ಪಟ್ಟಿಯ ಗ್ರಾಫಿಕ್ ಈಕ್ವಲೈಜರ್ ಇದ್ದರೆ ಒಂದು ಸ್ಥಾಯಿಗೆ ಮೂರು ಪಟ್ಟಿ. ಕೂಗನ್ನು ನೀವೂ ಕೂಗಿ ನೋಡಿ. ಅದು ‘ಏ’ ಬಣ್ಣದ್ದಾದರೆ 2,000ದ ಪಟ್ಟಿ, ಅದರ ಎಡಬಲ ಒಂದೊಂದು. ಮೂರರಲ್ಲಿ ಹುಡುಕುವುದಕ್ಕೂ ಮೂವತ್ತೊಂದರಲ್ಲಿ ಹುಡುಕುವುದಕ್ಕೂ ಭಾಗವತರು ಒಂದು ಇಡೀ ಪದ ಹಾಡಿ ಮುಗಿಸುವಷ್ಟು ಹೊತ್ತಿನ ವ್ಯತ್ಯಾಸ. ಬಯಲಿನಲ್ಲಾದರೆ ರಾತ್ರಿ ಹತ್ತಕ್ಕೆ ಲೌಡ್‌ಸ್ಪೀಕರ್ ನಿಲ್ಲಿಸಬೇಕು, ಹುಡುಕುತ್ತ ಕೂರಲು ಹೊತ್ತಾದರೂ ಎಲ್ಲಿದೆ.

ಕಡೆಯ ಪ್ರಶ್ನೆ ಲ್ಯಾಪ್‌ಟಾಪ್ ಹುಡುಗನದು. “ಸರ್, ನೀವು ಹೇಳಿದ್ದೆಲ್ಲ ಸರಿ. ಆದ್ರೆ ಸ್ಕ್ರೀನ್ ನೋಡದೆ ಕಣ್ಣು ಮುಚ್ಚಿ ಕೂತ್ರೆ ಕೆಲಸ ಕೊಟ್ಟ ಪಾರ್ಟಿಯವರು ಒಪ್ಪಲ್ಲ. ನಿದ್ದೆ ಮಾಡ್ತಿದ್ದಾನೆ ಅಂತಾರೆ. ಅವ್ರಿಗೆ ಅಲ್ಲಿ ಏನಾದ್ರೂ ಕುಣೀತಾ ಇರ್ಬೇಕು.”

ಇರಲಿ ಮಾರಾಯ, ಕುಣಿಯಲಿ ಅಂದೆ. ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿಡು.